ಹೆದ್ದಾರಿ ಬದಿಯ ಕಾಮಗಾರಿಯಲ್ಲಿ ಕಾರ್ಮಿಕರ ಸುರಕ್ಷತೆ: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ



ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಪೈಕಿ ರಾಷ್ಟ್ರೀಯ ಹೆದ್ದಾರಿ ಹಾದುಹೋಗದ ತಾಲ್ಲೂಕು ಒಂದೂ ಇಲ್ಲ. ನೆಲಮಂಗಲದಲ್ಲಿ ತುಮಕೂರಿನ ಕಡೆಯ ಹೆದ್ದಾರಿ 48ರಿಂದ ಹಾಸನದ ಕಡೆಗೆ ಹೆದ್ದಾರಿ 75 ಕವಲೊಡೆಯುತ್ತದೆ. ಅದೇ 75 ಪೂರ್ವದಲ್ಲಿ ಹೊಸಕೋಟೆಯ ಮೂಲಕ ಕೋಲಾರದತ್ತ ಸಾಗುತ್ತದೆ. ದೇವನಹಳ್ಳಿಯಲ್ಲಿ ಹೈದರಾಬಾದಿನ ಹೆದ್ದಾರಿ 44 ಇದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳನ್ನು ಬಳಸಿ ಹೊಸಕೋಟೆ ಸೇರುವ ಹೆದ್ದಾರಿ 648 ಅಗಲಗೊಂಡು ಉಪನಗರ ವರ್ತುಲ ರಸ್ತೆಯ ಭಾಗವಾಗಿದೆ. ಹಿಂದೆ ಎತ್ತಿನ ಗಾಡಿಗಳು ಓಡಾಡುತ್ತಿದ್ದ ಊರ ಮುಂದಿನ ರಸ್ತೆಗಳಲ್ಲಿ ಇಂದು ಕಂಟೇನರ್ ಲಾರಿಗಳು ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುತ್ತಿವೆ.

ಹೆದ್ದಾರಿ ಕಾರ್ಮಿಕರೆಂದರೆ ಹೆದ್ದಾರಿ ಪ್ರಾಧಿಕಾರದ ಗುತ್ತಿಗೆದಾರರ ಕಡೆಯವರು, ಅವರ ಸುರಕ್ಷತೆ ಪಂಚಾಯಿತಿಯ ವಿಷಯವಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ. ಸರ್ವಿಸ್ ರಸ್ತೆಯಂಚಿನಲ್ಲಿ ಒಡೆದ ಕುಡಿಯುವ ನೀರಿನ ಪೈಪನ್ನು ಗುಂಡಿಗಿಳಿದು ಸರಿಪಡಿಸುವವರು ನಮ್ಮ ನೀರುಗಂಟಿ. ಊರ ಕೂಡುರಸ್ತೆಯಲ್ಲಿ ಏಣಿ ಹಾಕಿ ಬೀದಿದೀಪ ಬದಲಿಸುವವರು, ಚರಂಡಿಯ ಹೂಳೆತ್ತುವವರು, ಹೆದ್ದಾರಿ ಪಕ್ಕದ ಹೋಟೆಲುಗಳ ಮುಂದೆ ಸ್ವಚ್ಛ ವಾಹಿನಿ ನಿಲ್ಲಿಸಿ ಕಸ ಎತ್ತುವ ಮಹಿಳೆಯರು ಎಲ್ಲರೂ ನಮ್ಮವರೇ. ವಾಹನ ಸಂಚಾರವಿರುವ ರಸ್ತೆಯ ಮೇಲೆ ಅಥವಾ ಅದರ ಅಂಚಿನಲ್ಲಿ ಇವರು ಕೆಲಸ ಮಾಡುವ ಪ್ರತಿಯೊಂದು ಸ್ಥಳವೂ ತಾಂತ್ರಿಕವಾಗಿ ಒಂದು ಕಾಮಗಾರಿ ವಲಯವೇ ಆಗಿದೆ. ವ್ಯತ್ಯಾಸವೆಂದರೆ, ದೊಡ್ಡ ಗುತ್ತಿಗೆದಾರರ ಬಳಿ ಕಾಗದದ ಮೇಲಾದರೂ ಒಂದು ಸುರಕ್ಷತಾ ಯೋಜನೆ ಇರುತ್ತದೆ. ನಮ್ಮ ನೀರುಗಂಟಿಯ ಬಳಿ ಸ್ಪ್ಯಾನರ್ ಮತ್ತು ಹಾರೆ ಇರುತ್ತವೆ.

2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಒಟ್ಟು ರಸ್ತೆ ಜಾಲದ ಶೇ. 2ರಷ್ಟು ಮಾತ್ರ ಇರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಇವುಗಳ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಾವುಗಳು ಘಟಿಸಿವೆ. ಅಂತಹ ರಸ್ತೆಯ ಅಂಚಿನಲ್ಲಿ, ಸಂಚಾರಕ್ಕೆ ಬೆನ್ನು ತಿರುಗಿಸಿ ಬಗ್ಗಿ ಕೆಲಸ ಮಾಡುವವರನ್ನು ನಾವು ಕಳುಹಿಸುತ್ತಿದ್ದೇವೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ಸದಸ್ಯರು ಮನದಟ್ಟು ಮಾಡಿಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಚಲಿಸುತ್ತದೆ. ಚಾಲಕನು ಅಡಚಣೆಯನ್ನು ಕಂಡು, ಅರಿತು, ಬ್ರೇಕಿನ ಮೇಲೆ ಕಾಲಿಡಲು ಎರಡೂವರೆ ಸೆಕೆಂಡು ಬೇಕೆಂದು ರಸ್ತೆ ವಿನ್ಯಾಸದಲ್ಲಿ ಪರಿಗಣಿಸಲಾಗುತ್ತದೆ. ಅಷ್ಟರಲ್ಲಿ ವಾಹನವು 55 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕ್ ಹಿಡಿದ ಬಳಿಕ ನಿಲ್ಲಲು ಇನ್ನೂ 70 ಮೀಟರಿನಷ್ಟು ಬೇಕು. ಒಟ್ಟು 125 ಮೀಟರ್. ಇದು ಚಾಲಕ ಎಚ್ಚರವಾಗಿದ್ದಾಗಿನ ಮಾತು. ಮಳೆಯಲ್ಲಿ, ಸವೆದ ಟೈರಿನಲ್ಲಿ, ತುಂಬಿದ ಲಾರಿಯಲ್ಲಿ ಈ ದೂರ ಮತ್ತಷ್ಟು ಹೆಚ್ಚುತ್ತದೆ. ಆದ್ದರಿಂದ ಗುಂಡಿಯಿಂದ ಹತ್ತು ಹೆಜ್ಜೆ ಹಿಂದೆ ಒಂದು ಕಲ್ಲನ್ನೋ ಹೊಂಗೆ ಕೊಂಬೆಯನ್ನೋ ಇಟ್ಟರೆ ಅದು ಎಚ್ಚರಿಕೆಯಾಗುವುದಿಲ್ಲ. ಕಲ್ಲಿನ ಬಗ್ಗೆ ಇನ್ನೊಂದು ಮಾತು: ಕೆಲಸ ಮುಗಿದ ಮೇಲೂ ಅದು ಅಲ್ಲೇ ಉಳಿದು, ರಾತ್ರಿ ಬರುವ ದ್ವಿಚಕ್ರ ವಾಹನ ಸವಾರನನ್ನು ಬೀಳಿಸುತ್ತದೆ. ಕಾಮಗಾರಿ ಸ್ಥಳದಲ್ಲಿ ಕಲ್ಲನ್ನು ತಡೆಯಾಗಿ ಬಳಸುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಟಿಸಿರುವ ಐಆರ್‌ಸಿ:ಎಸ್‌ಪಿ:55 ಎಂಬ ಮಾರ್ಗಸೂಚಿಯನ್ನು (2014ರ ಪರಿಷ್ಕೃತ ಆವೃತ್ತಿ) ಈ ಲೆಕ್ಕದ ಮೇಲೆಯೇ ರೂಪಿಸಲಾಗಿದೆ. ಕಾಮಗಾರಿ ಸ್ಥಳವನ್ನು ಅದು ನಾಲ್ಕು ಭಾಗಗಳಾಗಿ ನೋಡುತ್ತದೆ. ಮೊದಲನೆಯದು ಮುನ್ಸೂಚನಾ ವಲಯ. ಇಲ್ಲಿ ಫಲಕಗಳು ಮಾತ್ರ ಇರುತ್ತವೆ. ಎರಡನೆಯದರಲ್ಲಿ ಕೋನ್‌ಗಳನ್ನು ಓರೆಯಾಗಿ ಜೋಡಿಸಿ ವಾಹನಗಳನ್ನು ನಿಧಾನವಾಗಿ ಪಕ್ಕದ ಪಥಕ್ಕೆ ಸರಿಸಲಾಗುತ್ತದೆ. ಮೂರನೆಯದು ಕೆಲಸ ನಡೆಯುವ ಸ್ಥಳ, ಕೊನೆಯದು ಸಂಚಾರ ಮೊದಲಿನ ಪಥಕ್ಕೆ ಮರಳುವ ಜಾಗ. ಮುನ್ಸೂಚನಾ ವಲಯದ ಉದ್ದವು ವಾಹನಗಳ ವೇಗವನ್ನು ಅವಲಂಬಿಸಿದೆ: ಗಂಟೆಗೆ 50 ಕಿ.ಮೀ. ಒಳಗಿದ್ದರೆ ಸುಮಾರು 100 ಮೀಟರ್, 80ರಿಂದ 100 ಕಿ.ಮೀ. ಇದ್ದರೆ 300ರಿಂದ 500 ಮೀಟರ್, ಅದನ್ನೂ ಮೀರಿದರೆ 1,000 ಮೀಟರ್. ನೀರುಗಂಟಿಯು ಟೇಪು ಹಿಡಿದು ಅಳೆಯಬೇಕಾಗಿಲ್ಲ. 130 ಹೆಜ್ಜೆ ನಡೆದರೆ ಸುಮಾರು 100 ಮೀಟರ್ ಆಗುತ್ತದೆ. ಹೆದ್ದಾರಿಯಲ್ಲಿ 200 ಮೀಟರಿಗೊಂದು ಕಲ್ಲು ಇದ್ದೇ ಇರುತ್ತದೆ. ಮುಂದೆ ತಿರುವು ಅಥವಾ ದಿಣ್ಣೆ ಇದ್ದಲ್ಲಿ ಫಲಕವನ್ನು ಅದಕ್ಕೂ ಹಿಂದೆಯೇ ಇಡತಕ್ಕದ್ದು.

ತರಬೇತಿಯಲ್ಲಿ ಹೆಚ್ಚಿನ ಸಮಯ ಕೊಡಬೇಕಾದುದು ಎರಡು ವಿಷಯಗಳಿಗೆ. ಮೊದಲನೆಯದು ಜೋಡಿಸುವ ಕ್ರಮ. ಅತಿ ದೂರದ ಫಲಕವನ್ನು ಮೊದಲು ಇಟ್ಟು ಸಂಚಾರದ ದಿಕ್ಕಿನಲ್ಲೇ ಮುಂದುವರಿಯಬೇಕು. ತೆಗೆಯುವಾಗ ಇದಕ್ಕೆ ವಿರುದ್ಧವಾಗಿ ಕೆಲಸದ ಸ್ಥಳದಿಂದ ಆರಂಭಿಸಿ ದೂರದ ಫಲಕವನ್ನು ಕೊನೆಗೆ ತೆಗೆಯಬೇಕು. ಕೆಲಸ ಮುಗಿಯಿತೆಂಬ ಅವಸರದಲ್ಲಿ ಮೊದಲು ಫಲಕಗಳನ್ನೇ ಎತ್ತಿ ಗಾಡಿಗೆ ಹಾಕುವ ರೂಢಿ ಎಲ್ಲೆಡೆ ಇದೆ. ಆ ಕೆಲವು ನಿಮಿಷ ಗುಂಡಿ ಮುಚ್ಚುತ್ತಿರುವವರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಎರಡನೆಯದು ಖಾಲಿ ಜಾಗ. ಕೋನ್‌ಗಳ ಸಾಲಿಗೂ ಕೆಲಸ ಮಾಡುವವರಿಗೂ ನಡುವೆ ಬಿಡುವ ಜಾಗದಲ್ಲಿ ಜಲ್ಲಿ, ಪೈಪು, ಬೈಕು, ಬುತ್ತಿ ಯಾವುದನ್ನೂ ಇಡಬಾರದು. ನಿಯಂತ್ರಣ ತಪ್ಪಿದ ವಾಹನಕ್ಕೆ ನಿಲ್ಲಲು ಉಳಿಯುವುದು ಆ ಜಾಗವೊಂದೇ. ಪಂಚಾಯಿತಿಯ ಟ್ರ್ಯಾಕ್ಟರ್ ಸ್ಥಳದಲ್ಲಿದ್ದರೆ ಅದನ್ನು ಕಾರ್ಮಿಕರ ಹಿಂಬದಿಯಲ್ಲಿ, ವಾಹನಗಳು ಬರುವ ದಿಕ್ಕಿಗೆ ಅಡ್ಡವಾಗುವಂತೆ, ದೀಪ ಮಿನುಗಿಸಿ, ಚಕ್ರಕ್ಕೆ ಅಡೆ ಕೊಟ್ಟು ನಿಲ್ಲಿಸುವುದು ಉತ್ತಮ. ಆದರೆ ಯಾರೂ ಅದರ ಬಂಪರಿಗೆ ಅಂಟಿಕೊಂಡು ನಿಲ್ಲಬಾರದು.

ಬಾವುಟ ಹಿಡಿಯುವ ಕೆಲಸವನ್ನು ಸಾಮಾನ್ಯವಾಗಿ ಬೇರೆ ಕೆಲಸ ಬಾರದವರಿಗೆ ಕೊಡುತ್ತಾರೆ. ಆಗಬೇಕಾದುದು ಇದರ ವಿರುದ್ಧ. ಎಲ್ಲರಿಗಿಂತ ಚುರುಕಾದ, ಕಣ್ಣು ಮತ್ತು ಕಿವಿ ಚೆನ್ನಾಗಿರುವ ವ್ಯಕ್ತಿಯನ್ನು ಅಲ್ಲಿ ನಿಲ್ಲಿಸಬೇಕು. ಅವರು ಪಥದ ನಡುವೆ ನಿಲ್ಲದೆ ಅಂಚಿನಲ್ಲಿ, ಒಂಟಿಯಾಗಿ, ದೂರಕ್ಕೆ ಕಾಣುವಂತೆ ನಿಲ್ಲಬೇಕು; ಸುತ್ತ ಹರಟುವವರು ಇರಬಾರದು, ಮೊಬೈಲ್ ನೋಡಬಾರದು. ಎರಡೂ ದಿಕ್ಕಿನ ಸಂಚಾರವನ್ನು ಒಂದೇ ಪಥದಲ್ಲಿ ಬಿಡುವಾಗ ಎರಡೂ ತುದಿಗೆ ಒಬ್ಬೊಬ್ಬರು ಬೇಕು, ಅವರ ನಡುವೆ ಸಂಕೇತ ನಿಶ್ಚಯವಾಗಿರಬೇಕು.

ಜಾಕೆಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹಸಿರು ಮಿಶ್ರಿತ ಹಳದಿ ಅಥವಾ ಕಿತ್ತಳೆ ಬಣ್ಣವು ಕೆಲಸ ಮಾಡುವುದು ಹಗಲಿನಲ್ಲಿ. ರಾತ್ರಿ ವಾಹನದ ದೀಪಕ್ಕೆ ಹೊಳೆಯುವುದು ಬೆಳ್ಳಿಯ ಬಣ್ಣದ ಪಟ್ಟಿ ಮಾತ್ರ. ಪಟ್ಟಿ ಸವೆದ ಜಾಕೆಟ್ ರಾತ್ರಿಯಲ್ಲಿ ಸಾಧಾರಣ ಬಟ್ಟೆಗೆ ಸಮ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಪಟ್ಟಿಯ ಸ್ಥಿತಿ ತಿಳಿಯುತ್ತದೆ. ಸೀರೆಯ ಮೇಲೆ ಧರಿಸಲು ಅನುಕೂಲವಾಗುವ ಅಳತೆಯನ್ನೂ ಖರೀದಿಸಬೇಕು. ಸೆರಗು ಮುಚ್ಚಿದ ಜಾಕೆಟ್ಟಿನಿಂದ ಪ್ರಯೋಜನವಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಚಳಿಗಾಲದ ಬೆಳಗಿನ ಮಂಜಿನಲ್ಲಿ ಇದ್ಯಾವುದೂ ಸಾಕಾಗದು. ಮಂಜು ಕರಗುವವರೆಗೆ ಹೆದ್ದಾರಿ ಬದಿಯ ಕೆಲಸವನ್ನು ಆರಂಭಿಸಬಾರದೆಂದು ಪಂಚಾಯಿತಿಯೇ ಸೂಚಿಸಬಹುದು. ನೀರು ಅರ್ಧ ದಿನ ತಡವಾದರೆ ದೂರವಾಣಿ ಕರೆಗಳು ಬರುತ್ತವೆ, ನಿಜ. ಟ್ಯಾಂಕರ್ ಕಳುಹಿಸಿ ನಿಭಾಯಿಸಬಹುದು.

ವಾಹನವಷ್ಟೇ ಅಪಾಯವಲ್ಲ. 1.5 ಮೀಟರ್‌ಗಿಂತ ಆಳದ ಗುಂಡಿಯ ಪಕ್ಕಗಳಿಗೆ ಆಧಾರ ಕೊಡಬೇಕೆಂಬುದು ಭಾರತೀಯ ಮಾನಕ. ಮಳೆ ಬಿದ್ದ ಮಣ್ಣು ಅದಕ್ಕಿಂತ ಕಡಿಮೆ ಆಳದಲ್ಲೂ ಕುಸಿಯಬಹುದು, ಭಾರಿ ಲಾರಿಗಳ ಕಂಪನವೂ ಅದಕ್ಕೆ ಸೇರುತ್ತದೆ. ಅಗೆದ ಮಣ್ಣನ್ನು ಗುಂಡಿಯ ಅಂಚಿಗೇ ಸುರಿಯಬಾರದು. ಟಿಪ್ಪರ್ ತೊಟ್ಟಿಯನ್ನು ಎತ್ತುವ ಮೊದಲು ಮೇಲಿನ ವಿದ್ಯುತ್ ತಂತಿಯನ್ನು ನೋಡಬೇಕು. ಬೀದಿದೀಪದ ಕಂಬ ಹತ್ತುವ ಮೊದಲು ಬೆಸ್ಕಾಂ ಸಿಬ್ಬಂದಿಯಿಂದ ಮಾರ್ಗಮುಕ್ತತೆ ಪಡೆಯಬೇಕು. ಬಿಸಿ ಡಾಂಬರು ಮೈಮೇಲೆ ಬಿದ್ದರೆ ಅದನ್ನು ಕೀಳದೆ ತಣ್ಣೀರು ಸುರಿಯುತ್ತಾ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ಸದಸ್ಯರ ಅಧಿಕಾರದ ವಿಷಯ. ಅಂದಾಜುಪಟ್ಟಿ ಸಾಮಾನ್ಯ ಸಭೆಯ ಮುಂದೆ ಬಂದಾಗ, ಸಂಚಾರ ನಿರ್ವಹಣೆ ಮತ್ತು ಸುರಕ್ಷತೆಗೆ ಪ್ರತ್ಯೇಕ ಬಾಬು ಇದೆಯೇ ಎಂದು ಕೇಳಿ. ಹಣ ನಮೂದಾಗದ ಸುರಕ್ಷತೆಯನ್ನು ಗುತ್ತಿಗೆದಾರರು ಒದಗಿಸುವುದು ಅಪರೂಪ. ಪಂಚಾಯಿತಿಯ ಸ್ವಂತ ಸಿಬ್ಬಂದಿಗಾಗಿ ಮಡಚುವ ಫಲಕಗಳು, ಹತ್ತಾರು ಕೋನ್‌ಗಳು, ಜಾಕೆಟ್, ಹೆಲ್ಮೆಟ್, ಮಿನುಗುದೀಪ ಇರುವ ಒಂದು ಸಂಚವನ್ನು ಕೊಂಡರೆ ಅದರ ವೆಚ್ಚ ಕೊಳವೆಬಾವಿಯ ಹೊಸ ಪಂಪು-ಮೋಟಾರಿನ ವೆಚ್ಚವನ್ನು ಮೀರುವುದಿಲ್ಲ. ಹೆದ್ದಾರಿ ಗಡಿಯೊಳಗೆ ಅಗೆಯುವ ಮೊದಲು ಸಂಬಂಧಿಸಿದ ಪ್ರಾಧಿಕಾರದ ಅಥವಾ ಲೋಕೋಪಯೋಗಿ ಇಲಾಖೆಯ ಅನುಮತಿ ಪಡೆಯುವುದು ಕಡ್ಡಾಯ.

ಹೊಣೆಗಾರಿಕೆಯನ್ನೂ ತಿಳಿದಿರುವುದು ಒಳ್ಳೆಯದು. ಗುತ್ತಿಗೆದಾರರ ಮೂಲಕ ಕೆಲಸ ಮಾಡಿಸಿದರೂ ಕಾರ್ಮಿಕನಿಗೆ ಪರಿಹಾರ ನೀಡುವ ಹೊಣೆ ಕೆಲಸ ಮಾಡಿಸಿದವರ ಮೇಲೂ ಬರುತ್ತದೆ, ಬಳಿಕ ಅವರು ಅದನ್ನು ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬಹುದು ಎಂಬ ತತ್ವ 1923ರ ಪರಿಹಾರ ಕಾಯ್ದೆಯಿಂದಲೂ ಇದೆ. ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಆ ಕಾಯ್ದೆ ಅವುಗಳ ಉದ್ಯಮವೆಂದೇ ಪರಿಗಣಿಸಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಪ್ರಕರಣದ ಪ್ರಕಾರ, ರಸ್ತೆ ನಿರ್ಮಾಣ ಮತ್ತು ನಿರ್ವಹಣೆಯ ಸುರಕ್ಷತಾ ಮಾನಕಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಯುಳ್ಳ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ನಮ್ಮ ಗಡಿಯೊಳಗಿನ ಶೆಡ್ಡುಗಳಲ್ಲಿ ತಂಗಿರುವ ಹೆದ್ದಾರಿ ಕಾರ್ಮಿಕರಲ್ಲಿ ರಾಯಚೂರು, ಕಲಬುರಗಿ ಕಡೆಯವರೂ ಹೊರರಾಜ್ಯದವರೂ ಇದ್ದಾರೆ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತರಬೇತಿ ನಡೆದಿದೆಯೇ, ರಾತ್ರಿ ರಸ್ತೆಯಂಚಿನಲ್ಲೇ ಮಲಗುತ್ತಿದ್ದಾರೆಯೇ ಎಂಬುದನ್ನು ಆ ವಾರ್ಡಿನ ಸದಸ್ಯರು ಒಮ್ಮೆ ಹೋಗಿ ನೋಡಬಹುದು. ವಿಭಜಕದ ಗಿಡಗಳಿಗೆ ನೀರುಣಿಸುವ ಟ್ಯಾಂಕರ್ ವೇಗದ ಪಥದಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ನಿಂತಿದ್ದು ಕಂಡರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ತಿಳಿಸಿ.

ಅಪಘಾತವಾದಾಗ 108ಕ್ಕೆ ಕರೆ ಮಾಡಿ, ಊರ ಹೆಸರಿನ ಜೊತೆಗೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಯಾವ ಊರಿನ ಕಡೆಗೆ ಹೋಗುವ ಪಥ ಎಂಬುದನ್ನು ತಿಳಿಸಬೇಕು. ವಿಭಜಕವಿರುವ ರಸ್ತೆಯಲ್ಲಿ ಆಂಬುಲೆನ್ಸ್ ತಪ್ಪು ಬದಿಗೆ ಬಂದರೆ ತಿರುಗಿ ಬರಲು ಹಲವು ನಿಮಿಷ ಬೇಕು. ಗಾಯಾಳುವಿಗೆ ನೆರವಾದವರನ್ನು ಕಾನೂನು ತೊಡಕಿನಿಂದ ರಕ್ಷಿಸಲು 134ಎ ಪ್ರಕರಣವಿದೆ. ಮೋಟಾರು ವಾಹನ ಅಪಘಾತದ ಗಾಯಾಳುಗಳಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೊಳಿಸಿದೆ. ಇದಲ್ಲದೆ, 18ರಿಂದ 60 ವರ್ಷದೊಳಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ರಸ್ತೆ, ಚರಂಡಿ, ನೀರು ಸರಬರಾಜಿನಂತಹ ನಿರ್ಮಾಣ ಕೆಲಸ ಮಾಡಿದವರು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಾರ್ಮಿಕರ ಹಾಜರಾತಿ ಮತ್ತು ಕೂಲಿ ಪಾವತಿಯ ದಾಖಲೆಯ ಪ್ರತಿಯನ್ನು ಗುತ್ತಿಗೆದಾರರಿಂದ ಬಿಲ್ಲಿನ ಜೊತೆಯಲ್ಲೇ ಪಡೆದು ಕಡತದಲ್ಲಿಟ್ಟರೆ, ಆ 90 ದಿನಗಳಿಗೆ ಪುರಾವೆಗಾಗಿ ಅವರು ಅಲೆಯಬೇಕಾಗುವುದಿಲ್ಲ.