ಚಾರ್ಜ್ ಫುಲ್, ಟೈರ್ ಪಂಕ್ಚರ್!

ಎಲೆಕ್ಟ್ರಿಕ್ ಸ್ಕೂಟರ್ ಪದೇ ಪದೇ ಪಂಕ್ಚರ್ ಆಗ್ತಿದ್ಯಾ?

ಮೊಳೆನ ಆಮೇಲೆ ಬೈಯೋಣ.
ಮೊದಲು ಗಾಳಿ ನೋಡಿ.

ಪೆಟ್ರೋಲ್ ಗಾಡಿ ಇದ್ದಾಗ ಬಂಕಿಗೆ ಹೋಗ್ತಿದ್ವಿ,
ಹಾಗೇ ಗಾಳೀನೂ ಹಾಕಿಸ್ತಿದ್ವಿ.
ಈಗ ಮನೇಲೇ ಚಾರ್ಜು.
ಗಾಳಿ ಮರೆತೇ ಹೋಯ್ತು!

ಬ್ಯಾಟರಿ ಭಾರ ಬೇರೆ.
ಗಾಳಿ ಕಮ್ಮಿ ಆದ್ರೆ ಟೈರು
ಆರಿದ ಪೂರಿ ಥರ ಚಪ್ಪಟೆ.
ಗುಂಡಿ ಅಂಚಿಗೆ ಬಡಿದ್ರೆ,
ಏಟು ಸೀದಾ ರಿಮ್ಮಿಗೆ,
ನಡುವೆ ಸಿಕ್ಕ ಟೈರು ಪಂಕ್ಚರ್.

ಹದಿನೈದು ದಿನಕ್ಕೊಮ್ಮೆ,
ಟೈರ್ ತಣ್ಣಗಿದ್ದಾಗ ಚೆಕ್ ಮಾಡ್ಸಿ.
ಎಷ್ಟಿರಬೇಕು ಅಂತ
ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆ.
ಯಾರೂ ಓದಲ್ಲ, ಅಷ್ಟೇ.

ರಸ್ತೆ ಅಂಚಲ್ಲಿ ಓಡಿಸ್ಬೇಡಿ.
ಮೊಳೆ, ಗಾಜು ಎಲ್ಲಾ ಸೇರೋದು ಅಲ್ಲೇ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ಯಾ?
ಕೀಳಬೇಡಿ!
ತೂತು ಮುಚ್ಕೊಂಡಿರೋದೇ ಅದು.
ಗಾಳಿ ಇನ್ನೂ ಇದ್ರೆ,
ನಿಧಾನಕ್ಕೆ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ.
ಕೀಳೋ ಕೆಲಸ ಅವರಿಗೇ ಬಿಡಿ.