ಸಕ್ಕರೆ ಕಾಯಿಲೆಗೆ ರಾಗಿಮುದ್ದೆ ಮದ್ದೇ?

ಬಂಗಾರಪೇಟೆ ಸೀಮೆಯವರಾದ ನಮಗೆ ರಾಗಿ ಹೊಸದಲ್ಲ. ಸಕ್ಕರೆ ಕಾಯಿಲೆ ಬಂದವರಿಗೆ "ಅನ್ನ ಬಿಡಿ, ಮುದ್ದೆ ಎಷ್ಟಾದರೂ ಉಣ್ಣಿ" ಎನ್ನುವವರು ಬಹಳ. ಈ ಮಾತು ಅರ್ಧ ನಿಜ. ಉಳಿದರ್ಧವನ್ನೂ ತಿಳಿಯುವುದು ಒಳ್ಳೆಯದು.

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಉಂಟು. ಪಾಲಿಷ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ. ನಾರು ಜೀರ್ಣವನ್ನು ನಿಧಾನಗೊಳಿಸುವುದರಿಂದ ಸಕ್ಕರೆ ರಕ್ತಕ್ಕೆ ಒಮ್ಮೆಗೇ ನುಗ್ಗುವುದಿಲ್ಲ. ಆದರೆ ಅದೇ ರಾಗಿಯಲ್ಲಿ ಸುಮಾರು 65 ಗ್ರಾಂ ಪಿಷ್ಟ ಪದಾರ್ಥವೂ ಉಂಟು. ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು ಹೊಟ್ಟು ಚೆಲ್ಲಿದರೆ ನಾರೂ ಹೋಯಿತು. ರಾಗಿ ಗಂಜಿಯಂತೂ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಆದುದರಿಂದ ಹೀಗೆ ಮಾಡಿರಿ. ಹಿಟ್ಟನ್ನು ಜರಡಿ ಹಿಡಿಯದೆ ಬಳಸಿರಿ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿಸಿ, ಬಸ್ಸಾರಿನ ಸೊಪ್ಪು, ಅವರೆಕಾಳು, ಹುರುಳಿಕಾಳನ್ನು ಹೆಚ್ಚಿಸಿರಿ. ನೆನೆಸಿದ ಮೆಂತ್ಯದ ನಾರೂ ಸಕ್ಕರೆ ಏರುವುದನ್ನು ನಿಧಾನಿಸುತ್ತದೆ. ಆದರೆ ಮಾತ್ರೆ ನುಂಗುವವರಿಗೆ ಸಕ್ಕರೆ ತೀರ ಇಳಿಯಲೂಬಹುದು, ವೈದ್ಯರನ್ನು ಕೇಳಿಯೇ ತಿನ್ನಿರಿ.

ಮುದ್ದೆಯನ್ನು ನಂಬಿ ಮಾತ್ರೆ ಬಿಡಬೇಡಿರಿ. ನೋವಿಲ್ಲದೆಯೇ ಏರುವ ಸಕ್ಕರೆ ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಕೆಡಿಸುತ್ತದೆ. ಬರಿಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಅದಕ್ಕೂ ಮೇಲಿದ್ದರೆ ಕಾಯಿಲೆಯ ಗುರುತು. ಮತ್ತೊಮ್ಮೆ ನೋಡಿಸಿ ಖಚಿತಪಡಿಸಿಕೊಳ್ಳಬೇಕು. 30 ವರ್ಷ ದಾಟಿದವರೆಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ.

ಮುದ್ದೆ ಒಳ್ಳೆಯ ಊಟ. ಮದ್ದಿನ ಕೆಲಸ ಮದ್ದಿಗೇ ಇರಲಿ.