ಗ್ರಂಥಾಲಯದ ಕಪಾಟಿನಲ್ಲಿ ಗಡಿನಾಡು: ಶಿಕಾಗೊ ವಿಶ್ವವಿದ್ಯಾಲಯದ ಉದಾಹರಣೆ

ಕಾಸರಗೋಡು, ಹೊಸೂರು, ಆದೋನಿಗಳ ಕನ್ನಡದ ಬಗ್ಗೆ ನಡೆಯುತ್ತಿರುವ ಗೋಷ್ಠಿಯಲ್ಲಿ ಶಿಕಾಗೊ ಯಾಕೆ ಬಂತು ಅಂತ ಅನಿಸಬಹುದು. ಕಾರಣ ಇದೆ. 1962ರಿಂದ ಪಿಎಲ್-480 ಯೋಜನೆಯಲ್ಲಿ, ಅಮೆರಿಕದ ಧಾನ್ಯಕ್ಕೆ ಭಾರತ ಕೊಟ್ಟ ರೂಪಾಯಿಯಿಂದಲೇ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿದರು. ಹಾಗೆ ಕನ್ನಡ ಪುಸ್ತಕಗಳೂ ಹೋದವು. ಅವುಗಳನ್ನು ಪಡೆದ ವಿಶ್ವವಿದ್ಯಾಲಯಗಳಲ್ಲಿ ಎ.ಕೆ. ರಾಮಾನುಜನ್ ಪಾಠ ಮಾಡಿದ ಶಿಕಾಗೊ ಕೂಡ ಒಂದು.

ಪುಸ್ತಕ ಅಲ್ಲಿದೆ, ಸರಿ. ಸಿಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. 2011ರಲ್ಲಿ ಅಲ್ಲಿ ತೆರೆದ ಮ್ಯಾನ್ಸುಯೆಟೊ ಗ್ರಂಥಾಲಯದ ನೆಲದಡಿಯ ಉಗ್ರಾಣದಲ್ಲಿ 35 ಲಕ್ಷ ಸಂಪುಟಗಳಿಗೆ ಜಾಗವಿದೆ. ಪುಸ್ತಕ ತರುವುದು ಯಂತ್ರ. ಕಪಾಟಿನ ಮುಂದೆ ನಿಂತು ಕಣ್ಣಾಡಿಸುವ ಹಾಗಿಲ್ಲ. ಕ್ಯಾಟಲಾಗಿನಲ್ಲಿ ಸರಿಯಾದ ಪದ ಹಾಕದಿದ್ದರೆ, ಇದ್ದ ಪುಸ್ತಕವೂ ಇಲ್ಲದಂತೆಯೇ.

ಈ ಕ್ಯಾಟಲಾಗು ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣವನ್ನು ಅನುಸರಿಸುತ್ತದೆ. ಅದರಲ್ಲಿ ಕನ್ನಡ ಭಾಷೆ, ಸಾಹಿತ್ಯಕ್ಕೆ ಪಿಎಲ್ 4641ರಿಂದ 4659ರವರೆಗಿನ ಸಂಖ್ಯೆಗಳು. ಇಲ್ಲಿ ರಾಜ್ಯ ಲೆಕ್ಕಕ್ಕಿಲ್ಲ. ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರ ಕಾವ್ಯಕ್ಕೂ ಕುವೆಂಪು ಅವರ ಕಾವ್ಯಕ್ಕೂ ಒಂದೇ ವಿಭಾಗ. ಆದರೆ ಇತಿಹಾಸಕ್ಕೆ ಬನ್ನಿ. ಅದು ಡಿಎಸ್ ವರ್ಗ. ಅಲ್ಲಿ ಪ್ರದೇಶದ ಹೆಸರೇ ಮುಖ್ಯ. ಕಾಸರಗೋಡಿನ ಇತಿಹಾಸವೂ ಆದೋನಿಯದೂ ಈ ವರ್ಗದಲ್ಲಿ. ಅಂದರೆ ಒಂದೇ ಊರಿನ ಕವಿ ಒಂದು ಕಡೆ, ಊರಿನ ಕಥೆ ಇನ್ನೊಂದು ಕಡೆ!

ಇನ್ನೊಂದು ತೊಡಕು ಕಾಲದ್ದು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನಂತರ ಕಣ್ಣೂರು ಜಿಲ್ಲೆಯಲ್ಲಿತ್ತು. 1984ರಲ್ಲಿ ತಾನೇ ಜಿಲ್ಲೆಯಾಯಿತು. ಹಾಗಾಗಿ ಸ್ಟರಾಕ್‌ನ 1894ರ ದಕ್ಷಿಣ ಕನ್ನಡ ಮ್ಯಾನುಯಲ್ 'ಕಾಸರಗೋಡು' ಅಂತ ಹುಡುಕಿದರೆ ಸಿಗುವ ಭರವಸೆಯಿಲ್ಲ. 1953ರವರೆಗೆ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದರ ಹಳೆಯ ವಿವರಗಳಿಗೆ ಫ್ರಾನ್ಸಿಸ್‌ನ 1904ರ ಬಳ್ಳಾರಿ ಗೆಜೆಟಿಯರ್ ನೋಡಬೇಕು. ಹೊಸೂರಿಗೂ ಹೀಗೇ: ಸೇಲಂ, ಧರ್ಮಪುರಿ, ಈಗ ಕೃಷ್ಣಗಿರಿ.

ಭಾಷೆಯ ಸಂಕೇತವನ್ನೂ ಗಮನಿಸಿ. ಕ್ಯಾಟಲಾಗಿನ ಮೂರಕ್ಷರದ ಹಳೆಯ ಪಟ್ಟಿಯಲ್ಲಿ ಕನ್ನಡಕ್ಕೆ ಸ್ವಂತ ಸಂಕೇತವಿದೆ. ತುಳುವಿಗಿಲ್ಲ, ನೀಲಗಿರಿಯ ಬಡಗಕ್ಕೂ ಇಲ್ಲ. ಎರಡೂ 'ಇತರ ದ್ರಾವಿಡ' ಅನ್ನುವ ಒಂದೇ ಗುಂಪಿಗೆ ಬೀಳುತ್ತವೆ. 2007ರಲ್ಲಿ ಬಂದ ವಿಸ್ತೃತ ಪಟ್ಟಿಯಲ್ಲಿ ಪ್ರತ್ಯೇಕ ಸಂಕೇತಗಳಿವೆ. ಆದರೆ ಅದರಿಂದ ಹಳೆಯ ದಾಖಲೆಗಳು ತಾವಾಗಿಯೇ ಬದಲಾಗುವುದಿಲ್ಲ. ಕನ್ನಡ ಲಿಪಿಯೇ ಇಲ್ಲದ, ರೋಮನ್ ಲಿಪ್ಯಂತರ ಮಾತ್ರ ಇರುವ ದಾಖಲೆಗಳೂ ಇವೆ. ಎರಡೂ ಲಿಪಿಗಳಲ್ಲಿ ಹುಡುಕಿ.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಸಲಹೆ. ನೀವು ಅಧ್ಯಯನ ಮಾಡುವ ಊರು ಯಾವ ವರ್ಷ ಯಾವ ತಾಲೂಕು, ಜಿಲ್ಲೆ, ಪ್ರಾಂತ್ಯ ಅಥವಾ ಸಂಸ್ಥಾನಕ್ಕೆ ಸೇರಿತ್ತು ಅಂತ ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ಆಮೇಲೆ ಆ ಒಂದೊಂದು ಹೆಸರಿನಲ್ಲೂ ಹುಡುಕಿ. ಹೀಗೆ ಮಾಡದೆ 'ನಮ್ಮ ಊರಿನ ಬಗ್ಗೆ ಏನೂ ಬರೆದಿಲ್ಲ' ಅಂತ ಪ್ರಬಂಧದಲ್ಲಿ ಬರೆದರೆ, ಅದು ಊರಿನ ಕೊರತೆಯಲ್ಲ, ಹುಡುಕಾಟದ ಕೊರತೆ.